ಇಲಿಗಳಲ್ಲಿ ಮಾತ್ರ

ಬೆಂಗ್ರೆಯ ಕಡವಿನಲ್ಲಿ ಟಿಕೇಟು ಹರಿಯುವುದು ನನ್ನ ಕೆಲಸ.
ಇಪ್ಪತ್ತಾರು ವರ್ಷ. ಅದರಲ್ಲಿ ಹದಿನಾಲ್ಕು ವರ್ಷದಿಂದ
ಬಲಗೈಯ ಎರಡು ಬೆರಳು ಯಾರದೋ ಬೆರಳು,
ದಪ್ಪ ಗವಸು ತೊಟ್ಟು ಬಂಗುಡೆ ಕೊಯ್ದ ಹಾಗೆ.
ಒಂದು ಹರಿದೆನೋ ಎರಡೋ ಎಂದು ಕಣ್ಣಿಂದ ಎಣಿಸುತ್ತೇನೆ.
ಕೆಲವು ದಿನ ಕಣ್ಣಿಗೂ ರಜೆ.

ನೆಲದ ಮೇಲೆ ನಡೆದರೆ ಜನ ನೋಡುತ್ತಾರೆ.
"ಬೆಳಿಗ್ಗೆಯೇ ಹಾಕಿದ್ದಾಳಾ?" ಎಂದನೊಬ್ಬ, ಹಂಪನಕಟ್ಟೆಯಲ್ಲಿ,
ನನಗೆ ಕೇಳುವಷ್ಟು ಮೆಲ್ಲಗೆ.
ದೋಣಿಯಲ್ಲಿ ಮಾತ್ರ, ಹೊಳೆಯ ನಡುವೆ ಅಲೆ ಎದ್ದರೆ,
ಶಾಲೆಯ ಮೇಷ್ಟ್ರು, ಬುಟ್ಟಿ ಹೊತ್ತ ಗುಲಾಬಕ್ಕ, ಬ್ಯಾಂಕಿಗೆ ಹೊಸದಾಗಿ ಬಂದವನು
ಎಲ್ಲರೂ ನನ್ನ ಹಾಗೆಯೇ ನಡೆಯುತ್ತಾರೆ,
ಕಾಲು ಅಗಲ ಇಟ್ಟು, ಹತ್ತಿರದ ಹೆಗಲು ಹುಡುಕುತ್ತ.
ಏಳು ನಿಮಿಷ.
ಆಮೇಲೆ ದಡ.

ಮೇ ತಿಂಗಳ ಸೆಕೆಗೆ ಕಾಲು ಮೇಣ.
ಕುತ್ತಿಗೆಗೆ ಒದ್ದೆ ಬೈರಾಸು ಸುತ್ತಿ ಕೂರುತ್ತೇನೆ.
ಸೂಜಿಮದ್ದಿನ ಪೆಟ್ಟಿಗೆ ಫ್ರಿಜ್ಜಿನಲ್ಲಿ, ನಿನ್ನೆಯ ಪುಳಿಮುಂಚಿಯ ಪಕ್ಕ.
ಕರೆಂಟು ಹೋದರೆ ಅತ್ತಿಗೆಗೆ ಮೀನಿನ ಚಿಂತೆ, ನನಗೆ ಮದ್ದಿನದು,
ಇಬ್ಬರೂ ಓಡುವುದು ಅದೇ ಐಸ್ ಪ್ಲಾಂಟಿಗೆ.
ಓಡುವುದು ಅಂದರೆ, ಅತ್ತಿಗೆ ಓಡುತ್ತಾಳೆ.
ಮದ್ದಿಗೆ ಬಟ್ಟೆ ಸುತ್ತಬೇಕು. ಬಿಸಿಯೂ ಆಗಬಾರದು, ಹೆಪ್ಪೂ ಗಟ್ಟಬಾರದು,
ಮನೆಗೆ ಬಂದ ಹೊಸ ಮದುಮಗಳಿಗಿಂತ ನಾಜೂಕು.

ಮುನೀರಾ ದೇರಳಕಟ್ಟೆಯಲ್ಲಿ ಫಾರ್ಮಸಿ ಓದುತ್ತಾಳೆ.
ಶುಕ್ರವಾರ ಕೊನೆಯ ದೋಣಿಗೆ
ಹೊಸ ಸಂಶೋಧನೆಗಳ ಪ್ರಿಂಟು ತರುತ್ತಾಳೆ, ಹಾಳೆಯ ಎರಡೂ ಮಗ್ಗುಲು.
ಟಿಕೇಟು ಬೇಡ ಅಂದರೆ ಕೇಳುವುದಿಲ್ಲ, ದುಡ್ಡು ಕೊಟ್ಟೇ ಹತ್ತುತ್ತಾಳೆ.
ನನ್ನದು ಎಸ್ಸೆಸ್ಸೆಲ್ಸಿ. ಡಿಕ್ಷನರಿ ಉಂಟು, ಕೆಂಪು ಪೆನ್ನು ಉಂಟು.
ಮೊದಮೊದಲು ತಲೆಬರಹ ಓದಿಯೇ ಅತ್ತದ್ದುಂಟು, ಖುಷಿಗೆ.
ಈಗ ಸೀದಾ ಕೊನೆಯ ಸಣ್ಣ ಅಕ್ಷರಕ್ಕೆ ಹೋಗುತ್ತೇನೆ:
ಯಾರ ದುಡ್ಡು, ಎಷ್ಟು ಜನ, ಎಷ್ಟು ತಿಂಗಳು,
ನಡುವೆ ಬಿಟ್ಟು ಹೋದವರೆಷ್ಟು.
ಬಿಟ್ಟು ಹೋದವರಿಗೆ ಹೆಸರಿಲ್ಲ, ಬರೀ ಶೇಕಡಾ.

ನರದ ಮೇಲಿನ ಹೊದಿಕೆ ಮತ್ತೆ ಬೆಳೆಯಿತಂತೆ.
ಬಿದ್ದವು ಎದ್ದವಂತೆ, ಸರಳಿನ ಮೇಲೆ ನಡೆದವಂತೆ.
ಇಲಿಗಳು.
ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ,
ಲೋಕದಲ್ಲಿ ಇಲಿಗಳಷ್ಟು ಗುಣವಾದವರು ಯಾರೂ ಇಲ್ಲ.

ಒಂದು ಗುಳಿಗೆ ಮಾತ್ರ ಇಲಿಗಳನ್ನು ದಾಟಿ ಬಂತು.
ಆರು ವರ್ಷ ಅದರ ಹಿಂದೆ ಹೋದೆ, ಸಂಬಂಧ ನೋಡಿದ ಹಾಗೆ.
ಈ ಸಲ ಮನುಷ್ಯರು ಬೇಕು ಅಂತ ಬರೆದಿತ್ತು.
ಡಾಕ್ಟ್ರ ಮೇಜಿನ ಮೇಲೆ ಹಾಳೆ ಇಟ್ಟೆ.
ಅವರು ಓದಿದರು, ನಿಜವಾಗಿ ಓದಿದರು, ಹೊರಗೆ ಸಾಲು ಬೆಳೆಯಿತು.
"ವಯಸ್ಸಿನ ಸಾಲು ನೋಡಿದ್ರಾ?"
ಹದಿನೆಂಟರಿಂದ ಐವತ್ತೈದು.
ನೋಡಿದ್ದೆ. ಕೆಂಪು ಪೆನ್ನಿನಲ್ಲಿ ಗೆರೆಯನ್ನೂ ಎಳೆದಿದ್ದೆ.
ಐವತ್ತಾರು ತುಂಬಿ ಹನ್ನೆರಡು ದಿನ.
ಬೇರೆಯವರ ಬಾಯಲ್ಲಿ ಒಮ್ಮೆ ಕೇಳಬೇಕಿತ್ತು, ಅಷ್ಟೆ.

ನಿನ್ನೆ ರಾತ್ರಿ ಅಡುಗೆಮನೆಯ ಬೋನಿಗೆ ಒಂದು ಬಿತ್ತು.
ಪ್ರಯೋಗಶಾಲೆಯ ಬಿಳಿಯದ್ದಲ್ಲ, ನಮ್ಮದೇ ಮಣ್ಣುಬಣ್ಣದ್ದು,
ಕಳೆದ ತಿಂಗಳ ಪ್ರಿಂಟನ್ನು ಗೂಡಿಗಾಗಿ ಚೂರು ಮಾಡಿದ ಕಳ್ಳ.
ಅತ್ತಿಗೆ ಬಕೆಟಿಗೆ ನೀರು ತುಂಬಿಸಿದಳು.
ಬೇಡ ಮಾರಾಯ್ತಿ, ಅಂದೆ. ಯಾಕೆ ಅಂದಳು.
ಇವರ ಮನೆಯವರಿಂದ ನನಗೆ ಸ್ವಲ್ಪ ಉಪಕಾರ ಆಗುವುದು ಬಾಕಿ ಉಂಟು.

ಬೆಳಗಿನ ಮೊದಲ ದೋಣಿಗೆ ಬೋನು ಮಡಿಲಲ್ಲಿಟ್ಟು ಕೂತೆ.
"ಅದಕ್ಕೆ ಟಿಕೇಟು?" ನಕ್ಕ, ಸ್ಟಿಯರಿಂಗ್ ಹಿಡಿದ ಉಮಾನಾಥ.
ಹರಿದೆ ಒಂದು, ಆ ಎರಡು ಬೆರಳಿನಲ್ಲೇ.
ಒಂದೇ ಹರಿದಿತ್ತು. ನೋಡದೆಯೇ ಗೊತ್ತಾಯಿತು.

ಬಂದರಿನ ಕಲ್ಲುಕಟ್ಟೆಯ ಮೇಲೆ ಬಾಗಿಲು ತೆಗೆದೆ.
ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.
ಬಂದದ್ದು ಓಡಿತು, ಒಂದೇ ಗೆರೆ ಎಳೆದ ಹಾಗೆ,
ಬಲೆ, ಹಗ್ಗ, ಕ್ರೇಟುಗಳ ನಡುವೆ, ಎಲ್ಲೂ ಕಾಲು ತಪ್ಪದೆ.
ಕಾಣದಾಗುವ ತನಕ ಕಂಬ ಹಿಡಿದು ನಿಂತೆ.

ಇವತ್ತು ಶುಕ್ರವಾರ.
ಹೇಗೂ ಈ ದಡಕ್ಕೆ ಬಂದಾಯಿತು,
ಕೆಂಪು ಪೆನ್ನಿಗೆ ಒಂದು ರೀಫಿಲ್ ತೆಗೆದುಕೊಂಡು ಹೋಗಬೇಕು.